ಮೊಮ್ಮಗು ಅಜ್ಜ-ಅಜ್ಜಿ ಮಡಿಲಿಗೆ ಬಂದಾಗ: ನೋಟರಿ ಕಾಗದವೇ, ಕೋರ್ಟ್ ಆರ್ಡರೇ, ದತ್ತೇ?

ಮುಂಬೈಯ ಭಾಂಡುಪ್‌ನ ಒಂದು ಬ್ಯಾಂಕ್. ಕೌಂಟರಿನ ಮುಂದೆ ಅರುವತ್ತಾರು ವರ್ಷದ ಅಜ್ಜಿ, ಪಕ್ಕದಲ್ಲಿ ಏಳು ವರ್ಷದ ಮೊಮ್ಮಗ. ಅಜ್ಜಿ ಕೈಚೀಲದಿಂದ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಮಗಳ ಡೆತ್ ಸರ್ಟಿಫಿಕೇಟ್, ಅಳಿಯನ ಡೆತ್ ಸರ್ಟಿಫಿಕೇಟ್, ಹುಡುಗನ ಆಧಾರ್, ಜೊತೆಗೆ ಐನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಸಿ ನೋಟರಿ ಸೀಲು ಹಾಕಿಸಿದ ಒಂದು ಕಾಗದ. ‘ಈ ಮಗುವಿನ ಗಾರ್ಡಿಯನ್ ನಾವೇ’ ಎಂದು ಅದರಲ್ಲಿ ಅಜ್ಜ-ಅಜ್ಜಿ ಇಬ್ಬರೂ ಸಹಿ ಹಾಕಿದ್ದರು. ಆಫೀಸರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಆಜಿ, ಇದು ನಡೆಯಲ್ಲ. ಕೋರ್ಟ್ ಆರ್ಡರ್ ಎಲ್ಲಿ?” ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು. “ಇದೇ ಅಲ್ವಾ ಆರ್ಡರ್? ಸೀಲು ಉಂಟಲ್ಲ?”

ಫೋರ್ಟಿನ ಒಂದು ವಕೀಲರ ಆಫೀಸಿನಲ್ಲಿ ಬಹಳ ವರ್ಷ ಟೈಪಿಂಗ್ ಕೆಲಸ ಮಾಡಿದವರು ನಾವು. ಅದಕ್ಕೇ ಡೊಂಬಿವಲಿ, ಭಾಂಡುಪ್, ಘಾಟ್ಕೋಪರ್ ಕಡೆಯ ನಮ್ಮ ಕನ್ನಡದವರು ಇಂಥ ಕಾಗದ ಹಿಡಿದು ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: “ಯಾವ ಕಾಗದ ಮಾಡಿಸಿದರೆ ಮಗು ನಮ್ಮದಾಗುತ್ತದೆ?” ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮಗುವಿನ ಅಪ್ಪ-ಅಮ್ಮನಲ್ಲಿ ಯಾರು ಬದುಕಿದ್ದಾರೆ? ಮಗುವಿನ ಹೆಸರಿನಲ್ಲಿ ಏನಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಯಾವ ದಾರಿ ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ನೀವು ಮಗುವನ್ನು ಎಷ್ಟು ಪ್ರೀತಿಸುತ್ತೀರಿ ಎಂಬುದು ಆಮೇಲಿನ ಮಾತು. ಕೇಳಲು ಒರಟಾಗಿದೆ, ಗೊತ್ತು.

ನೋಟರಿ ಕಾಗದ: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ನೋಟರಿ ಅಫಿಡವಿಟ್ ಸುಳ್ಳಲ್ಲ. ಆದರೆ ಅದು ನೀವೇ ನಿಮ್ಮ ಬಗ್ಗೆ ಹೇಳಿಕೊಂಡ ಮಾತು. ನೋಟರಿ ಸೀಲು ಹಾಕುವುದು ‘ಇವರು ನನ್ನ ಮುಂದೆ ಹೀಗೆ ಹೇಳಿದರು’ ಎಂಬುದಕ್ಕೆ ಮಾತ್ರ. ಅದರಿಂದ ಯಾರೂ ಗಾರ್ಡಿಯನ್ ಆಗುವುದಿಲ್ಲ.

ಹಾಗಂತ ಎಲ್ಲದಕ್ಕೂ ಕೋರ್ಟಿಗೆ ಓಡಬೇಕಾಗಿಲ್ಲ. ಶಾಲೆಯ ವಿಷಯವನ್ನೇ ತೆಗೆದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಗಾರ್ಡಿಯನ್ ಎಂದರೆ ಯಾರು ಎಂದು ಹೇಳುವಾಗ, ಮಗುವಿನ ಪಾಲನೆ ಯಾರ ಕೈಯಲ್ಲಿದೆಯೋ ಅವರನ್ನೂ ಸೇರಿಸುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಅಡ್ಮಿಷನ್ ಕೊಡಲು ‘ಕೋರ್ಟ್ ಆರ್ಡರ್ ತನ್ನಿ’ ಎಂದು ಶಾಲೆ ಕೂತರೆ, ಆ ಕಾಯ್ದೆಯ ಒಂದು ಪುಟ ಪ್ರಿಂಟ್ ತೆಗೆದು ಹೆಡ್‌ಮಾಸ್ತರರ ಮುಂದಿಡಿ. ನಾನು ಎರಡು ಸಲ ಹೀಗೆ ಮಾಡಿದ್ದೇನೆ. ಎರಡೂ ಸಲ ಅಡ್ಮಿಷನ್ ಆಯಿತು, ಮುಖ ಗಂಟಿಕ್ಕಿಕೊಂಡೇ ಆದರೂ.

ಹಾಗೆಯೇ ಮಗುವಿನ ಅಪ್ಪ ರಸ್ತೆ ಅಪಘಾತದಲ್ಲಿ ತೀರಿಹೋಗಿದ್ದರೆ, ಮೋಟಾರ್ ಅಪಘಾತ ಟ್ರಿಬ್ಯುನಲ್‌ನಲ್ಲಿ ಮಗುವಿನ ಪರವಾಗಿ ಅಜ್ಜನೇ ಪರಿಹಾರದ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಗಾರ್ಡಿಯನ್‌ಶಿಪ್ ಆರ್ಡರ್ ಬೇಕೆಂದಿಲ್ಲ. ಬರುವ ಹಣದಲ್ಲಿ ಮಗುವಿನ ಪಾಲನ್ನು ಟ್ರಿಬ್ಯುನಲ್ ಸಾಮಾನ್ಯವಾಗಿ ಹದಿನೆಂಟು ತುಂಬುವವರೆಗೆ ಎಫ್‌ಡಿಯಲ್ಲಿ ಇಡಿಸುತ್ತದೆ.

ಕಾಗದ ಸೋಲುವುದು ಮೂರು ಕಡೆ: ಬ್ಯಾಂಕು, ಪಾಸ್‌ಪೋರ್ಟು, ಆಸ್ತಿ. ಬ್ಯಾಂಕಿನಲ್ಲಿ ಮಗುವಿನ ಖಾತೆ ನಡೆಸಬಹುದಾದವರು ಹುಟ್ಟಿನಿಂದ ಗಾರ್ಡಿಯನ್ ಆದವರು, ಅಂದರೆ ಅಪ್ಪ-ಅಮ್ಮ, ಇಲ್ಲವೇ ಕಾನೂನಿನ ಗಾರ್ಡಿಯನ್. ಅಜ್ಜ-ಅಜ್ಜಿ ಮೊದಲನೆಯದಲ್ಲ. ಎರಡನೆಯದಾಗಲು ಕೋರ್ಟಿನ ಆರ್ಡರ್ ಬೇಕು. ಒಂದು ಸಣ್ಣ ಸಮಾಧಾನ ಇದೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಸೇವಿಂಗ್ಸ್ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಸ್ಕಾಲರ್‌ಶಿಪ್ ಹಣ ಬರಲು ಅಷ್ಟು ಸಾಕು. ಅಪ್ಪನ ಹೆಸರಿನ ಐದು ಲಕ್ಷದ ಎಫ್‌ಡಿಗೆ ಸಾಕಾಗುವುದಿಲ್ಲ.

ಇಬ್ಬರೂ ಇಲ್ಲದ ಮಗು: 1890ರ ಕಾಯ್ದೆ

ಭಾಂಡುಪ್ ಅಜ್ಜಿಯ ಮನೆಯಲ್ಲಿ ಮಗಳೂ ಇಲ್ಲ, ಅಳಿಯನೂ ಇಲ್ಲ. ಅವರಿಗೆ ನೇರ ದಾರಿ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್. ಬ್ರಿಟಿಷರ ಕಾಲದ್ದು, 1890ರದು. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರಿಗೂ ನಡೆಯುತ್ತದೆ. ಮಂಗಳೂರು ಕಡೆಯ ಕ್ರೈಸ್ತರಿಗೆ, ಬ್ಯಾರಿಗಳಿಗೆ ಬೇರೆ ದಾರಿ ಹುಡುಕುವ ಕೆಲಸವಿಲ್ಲ.

ಅರ್ಜಿಯಲ್ಲಿ ಮಗುವಿನ ಹುಟ್ಟಿದ ದಿನ, ಧರ್ಮ, ಈಗ ಇರುವ ಮನೆ, ಆಸ್ತಿ ಏನು ಮತ್ತು ಅದರ ಬೆಲೆ ಎಷ್ಟು, ಹತ್ತಿರದ ಸಂಬಂಧಿಕರು ಯಾರು ಮತ್ತು ಎಲ್ಲಿದ್ದಾರೆ, ಎಲ್ಲ ಬರೆಯಬೇಕು. ಈ ಸಂಬಂಧಿಕರ ಪಟ್ಟಿಯಲ್ಲೇ ನಮ್ಮವರು ಎಡವುವುದು. “ಆ ದೊಡ್ಡಪ್ಪನ ಹೆಸರು ಯಾಕೆ? ಅವರು ಸುಮ್ನೆ ತಕರಾರು ತೆಗೀತಾರೆ” ಎನ್ನುತ್ತಾರೆ. ಬಿಡಬೇಡಿ. ಬಿಟ್ಟ ಹೆಸರಿನವರು ಆಮೇಲೆ ಬಂದು ‘ನಮಗೆ ಹೇಳಲೇ ಇಲ್ಲ’ ಎಂದರೆ ಕೋರ್ಟಿನ ಕಣ್ಣಿಗೆ ನೀವೇ ಮುಚ್ಚಿಟ್ಟವರಾಗುತ್ತೀರಿ. ಭಾಂಡುಪ್ ಅಜ್ಜಿ ಕುಂದಾಪುರದಲ್ಲಿರುವ ಬೀಗರಿಗೆ ಮೊದಲೇ ಫೋನ್ ಮಾಡಿದರು. ಹತ್ತು ನಿಮಿಷ ಇಬ್ಬರೂ ಅತ್ತರು. ಆಮೇಲೆ ಬೀಗರು ‘ನಮ್ಮ ಒಪ್ಪಿಗೆ ಇದೆ’ ಎಂದು ಬರೆದು ಕಳಿಸಿದರು. ಆ ಒಂದು ಕಾಗದ ಉಳಿಸಿದ ತಾರೀಖುಗಳಿಗೆ ಲೆಕ್ಕವಿಲ್ಲ.

ಗಾರ್ಡಿಯನ್ ಆಗಲು ನಾನು ಸಿದ್ಧ ಎಂಬ ಹೇಳಿಕೆಯೂ ಅರ್ಜಿಯ ಜೊತೆ ಇರಬೇಕು. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು.

ಕೋರ್ಟ್ ಏನು ನೋಡುತ್ತದೆ? ಮೊದಲು ಮಗುವಿನ ಒಳಿತು. ಅದರೊಳಗೆ ಮಗುವಿನ ವಯಸ್ಸು, ಧರ್ಮ, ನಿಮ್ಮ ನಡತೆ ಮತ್ತು ಸಾಮರ್ಥ್ಯ, ಎಷ್ಟು ಹತ್ತಿರದ ಸಂಬಂಧ, ತೀರಿಹೋದ ತಂದೆ-ತಾಯಿಯ ಇಷ್ಟ ಏನಿತ್ತು, ಮಗುವಿನ ಜೊತೆ ನಿಮ್ಮ ಒಡನಾಟ ಹೇಗಿತ್ತು, ಇವೆಲ್ಲ ಬರುತ್ತವೆ. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಮಾತನ್ನೂ ಕೇಳಬಹುದು.

‘ನಮಗೆ ವಯಸ್ಸಾಯ್ತು, ನಮಗೆ ಯಾರು ಕೊಡ್ತಾರೆ’ ಎಂದು ಹಿಂಜರಿಯುವವರಿಗೆ ನಾನು 2022ರ ಜೂನ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಕಥೆ ಹೇಳುತ್ತೇನೆ. ಗುಜರಾತಿನ ಒಬ್ಬ ಹುಡುಗ, ಕೋವಿಡ್‌ನಲ್ಲಿ ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡವನು. ಹೈಕೋರ್ಟ್ ಅವನನ್ನು ತಾಯಿಯ ಕಡೆಯ ಚಿಕ್ಕಮ್ಮನಿಗೆ ಕೊಟ್ಟಿತು. ಅವರಿಗೆ ವಯಸ್ಸು ಕಡಿಮೆ, ಸರ್ಕಾರಿ ಕೆಲಸ, ದೊಡ್ಡ ಕುಟುಂಬ. ಅಜ್ಜನಿಗೆ 71, ಅಜ್ಜಿಗೆ 63. ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ವಯಸ್ಸು, ಸಂಬಳಗಳನ್ನೇ ತಕ್ಕಡಿಗೆ ಹಾಕುವಂತಿಲ್ಲ, ಅಜ್ಜ-ಅಜ್ಜಿಗೆ ಮೊಮ್ಮಗುವಿನ ಮೇಲಿನ ಅಂಟು ಹೆಚ್ಚು ಎಂದು ಹೇಳಿ ಹುಡುಗನನ್ನು ತಂದೆಯ ತಂದೆ-ತಾಯಿಗೆ ಒಪ್ಪಿಸಿತು. ಇದನ್ನು ನಂಬಿ ಎದೆಯುಬ್ಬಿಸಿ ನಡೆಯಬೇಡಿ. ಅಲ್ಲಿ ಜಗಳ ಇದ್ದದ್ದು ಅಜ್ಜ-ಅಜ್ಜಿ ಮತ್ತು ಚಿಕ್ಕಮ್ಮನ ನಡುವೆ. ಹೆತ್ತವರು ಎದುರಿಗಿರಲಿಲ್ಲ.

ವಯಸ್ಸಿನ ವಿಷಯಕ್ಕೆ ನನ್ನ ಸಲಹೆ ಒಂದೇ. ಕಾಯ್ದೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನರನ್ನು ಒಟ್ಟಿಗೆ ಗಾರ್ಡಿಯನ್ ಮಾಡಲು ಅವಕಾಶವಿದೆ. ಅಜ್ಜಿಯ ಜೊತೆ ಒಂದು ಎಳೆಯ ಹೆಸರು ಸೇರಿಸಿ. ಭಾಂಡುಪ್‌ನಲ್ಲಿ ಹುಡುಗನ ಸೋದರಮಾವನ ಹೆಸರು ಹಾಕಿದೆವು. ಅಜ್ಜ-ಅಜ್ಜಿ ನಾಳೆ ಇಲ್ಲವಾದರೆ ಕೋರ್ಟು ಕೊಟ್ಟ ಗಾರ್ಡಿಯನ್‌ಶಿಪ್ ಅವರ ವಿಲ್ ಮೂಲಕ ಇನ್ನೊಬ್ಬರಿಗೆ ಹೋಗುವುದಿಲ್ಲ. ಮತ್ತೆ ಮೊದಲಿನಿಂದ ಅರ್ಜಿ. ಜಂಟಿ ಹೆಸರಿದ್ದರೆ ಉಳಿದವರು ಮುಂದುವರಿಯುತ್ತಾರೆ.

ಹಣ, ಫ್ಲ್ಯಾಟು ಇದ್ದರೆ ಕೆಲಸ ಇನ್ನೂ ಇದೆ. ಆಸ್ತಿಯ ಗಾರ್ಡಿಯನ್ ಆದವರು, ಕೋರ್ಟು ಕೇಳಿದರೆ, ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ಲೆಕ್ಕವನ್ನೂ ಒಪ್ಪಿಸಬೇಕು. ಮಗುವಿನ ಫ್ಲ್ಯಾಟನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿಗೆ ಬಾಡಿಗೆಗೆ ಕೊಡುವಂತಿಲ್ಲ. ಸೊಸೈಟಿಯ ಸೆಕ್ರೆಟರಿ ‘ನಾನು ಅಡ್ಜಸ್ಟ್ ಮಾಡ್ತೇನೆ’ ಎಂದರೆ ನಗುತ್ತಾ ಮನೆಗೆ ಬನ್ನಿ.

ಊರಿನ ಗದ್ದೆ-ತೋಟದ ವಿಷಯ ಬೇರೆ. ಒಟ್ಟು ಕುಟುಂಬದ, ಪಾಲಾಗದ ಆಸ್ತಿಯಲ್ಲಿ ಹಿಂದೂ ಮಗುವಿಗೆ ಪಾಲಿದ್ದರೆ, ಅದನ್ನು ಮನೆಯ ಹಿರಿಯ ಸದಸ್ಯರೊಬ್ಬರು ನೋಡಿಕೊಳ್ಳುತ್ತಿರುವ ತನಕ ಆ ಪಾಲಿಗೆ ಪ್ರತ್ಯೇಕ ಗಾರ್ಡಿಯನ್ ನೇಮಿಸುವುದಿಲ್ಲ. 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹಾಗೆ ಹೇಳುತ್ತದೆ. ಮಗುವಿನ ಸ್ವಂತ ಹೆಸರಿಗೆ ಬಂದ ಜಮೀನಿದ್ದರೆ, ಮಗು ಇರುವ ಊರಿನ ಕೋರ್ಟಿನಲ್ಲಾಗಲೀ ಜಮೀನಿರುವ ಊರಿನ ಕೋರ್ಟಿನಲ್ಲಾಗಲೀ ಅರ್ಜಿ ಹಾಕಬಹುದು.

ಅಪ್ಪ ಬದುಕಿದ್ದರೆ

ಮನಸ್ಸಿಗೆ ಭಾರವಾಗುವ ಭಾಗ ಇದು. 1890ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ತಂದೆ ಅಥವಾ ತಾಯಿ ಬದುಕಿದ್ದು, ಅವರು ಮಗುವಿಗೆ ತಕ್ಕವರಲ್ಲ ಎಂದು ಕೋರ್ಟಿಗೆ ಅನ್ನಿಸದಿದ್ದರೆ, ಇನ್ನೊಬ್ಬರನ್ನು ಮಗುವಿನ ಗಾರ್ಡಿಯನ್ ಮಾಡುವಂತಿಲ್ಲ. ತಾಯಿಯ ಹೆಸರು ಅಲ್ಲಿ ಸೇರಿದ್ದು 2010ರ ತಿದ್ದುಪಡಿಯಲ್ಲಿ. ಅಷ್ಟರವರೆಗೆ ಬರೀ ತಂದೆ!

ಮಗಳು ತೀರಿಹೋಗಿ ಮಗು ನಿಮ್ಮ ಮನೆಯಲ್ಲಿ ಐದು ವರ್ಷ ಬೆಳೆದಿದ್ದರೂ ಅಳಿಯ ಬಂದು ಕೇಳಿದರೆ ಕಾನೂನು ಅವನ ಕಡೆಯಿಂದಲೇ ನೋಡಲು ಶುರು ಮಾಡುತ್ತದೆ. 2019ರಲ್ಲಿ ಬಾಂಬೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಹೀಗೇ ಇತ್ತು. ತಾಯಿ ಕ್ಯಾನ್ಸರಿನಿಂದ ತೀರಿಹೋದಳು. ನಡುವೆ ತಂದೆಗೂ ಕಾಯಿಲೆ. ಕೂಸನ್ನು ನೋಡಿಕೊಂಡದ್ದು ತಾಯಿಯ ಅಕ್ಕ-ತಂಗಿಯರ ಮನೆಯವರು. ತಂದೆ ಗುಣವಾಗಿ ಬಂದು ಕೇಳಿದಾಗ ಮಗು ತಂದೆಗೇ ಹೋಯಿತು. 2025ರಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ 74 ವರ್ಷದ ಅಜ್ಜಿಗೆ, ಮೊಮ್ಮಗುವಿನ ಮೇಲೆ ಎಷ್ಟು ಅಂಟಿದ್ದರೂ ಹೆತ್ತವರಿಗಿಂತ ಮೇಲಿನ ಹಕ್ಕು ಅದರಿಂದ ಬರುವುದಿಲ್ಲ ಎಂದು ಹೇಳಿತು.

ಹಾಗಾದರೆ ಏನೂ ಇಲ್ಲವೇ? ಇದೆ. ಅಪ್ಪ ಕುಡಿದು ಹೊಡೆಯುತ್ತಾನೆ, ಜೈಲಿನಲ್ಲಿದ್ದಾನೆ, ಮಗುವನ್ನು ಬಿಟ್ಟು ಹೋದವನು ತಿರುಗಿ ನೋಡಿಲ್ಲ ಎಂದಿದ್ದರೆ ತಕ್ಕವನಲ್ಲ ಎಂದು ತೋರಿಸಬಹುದು. ಬಾಯಿಮಾತಲ್ಲ, ಕಾಗದ ಬೇಕು. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಕೇಸ್ ಪೇಪರ್, ಶಾಲೆಯ ಫೀ ಯಾರು ಕಟ್ಟಿದರು ಎಂಬ ರಸೀದಿ. ಅಪ್ಪ ಎಲ್ಲಿದ್ದಾನೆ ಎಂದೇ ಗೊತ್ತಿಲ್ಲದಿದ್ದರೆ ಪೇಪರಿನಲ್ಲಿ ನೋಟಿಸ್ ಹಾಕಿಸಿ ಮುಂದೆ ಹೋಗಲು ಕೋರ್ಟ್ ಅನುಮತಿ ಕೊಡಬಹುದು. ಏಳು ವರ್ಷ ಕಾಯಬೇಕು ಎಂದು ಹೇಳುವವರು ಸಿಗುತ್ತಾರೆ. ಕಾಣೆಯಾದವನನ್ನು ಸತ್ತನೆಂದು ಭಾವಿಸುವುದಕ್ಕೆ ಆ ಏಳು ವರ್ಷದ ಲೆಕ್ಕ. ಗಾರ್ಡಿಯನ್‌ಶಿಪ್ ಅರ್ಜಿ ಹಾಕಲು ಅಲ್ಲಿಯವರೆಗೆ ಕೂರಬೇಕಿಲ್ಲ.

ಅಳಿಯ ಅಥವಾ ಸೊಸೆ ಕೆಟ್ಟವರಲ್ಲ, ಸುಮ್ನೆ ಮನಸ್ತಾಪ ಅಷ್ಟೇ ಎಂದಿದ್ದರೆ, ದಯವಿಟ್ಟು ಗಾರ್ಡಿಯನ್‌ಶಿಪ್ ಹಟ ಬಿಡಿ. ಭೇಟಿಯ ಹಕ್ಕು ಕೇಳಿ, ಇಲ್ಲವೇ ಇಬ್ಬರೂ ಕೂತು ಒಪ್ಪಂದ ಬರೆದು ಕೋರ್ಟಿನಲ್ಲಿ ದಾಖಲು ಮಾಡಿಸಿ. ಪುಣೆಯಲ್ಲಿ ಬಾಗಲಕೋಟೆ ಕಡೆಯ ಒಂದು ಕುಟುಂಬ ನನಗೆ ಗೊತ್ತು. ಅಳಿಯನಿಗೆ ಚಾಕಣದಲ್ಲಿ ನೈಟ್ ಶಿಫ್ಟ್. ಮಗಳು ಹೋದಾಗ ಹುಡುಗಿಗೆ ಮೂರು. ಎಂಟಾದಾಗ ಅಳಿಯ ಮತ್ತೆ ಮದುವೆಯಾಗಿ ಮಗು ಕೇಳಿದ. “ಐದ್ ವರ್ಷ ಜ್ವಾಪಾನ ಮಾಡೀವ್ರಿ, ಈಗ ಹ್ಯಾಂಗ್ ಬಿಡೂದು?” ಎಂದು ಅಜ್ಜ ಶಿವಾಜಿನಗರದ ಫ್ಯಾಮಿಲಿ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಒಳಗೆ ಕೌನ್ಸೆಲರ್ ಹುಡುಗಿಗೆ ಕ್ರೇಯಾನ್ ಕೊಟ್ಟು ಮನೆ ಬರೆಯಲು ಹೇಳಿದ್ದರು. ಅವಳು ಬರೆದ ಮನೆಯೊಳಗೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು, ಅಂಗಳದಲ್ಲಿ ಅಜ್ಜನ ಸ್ಕೂಟರ್ ಇತ್ತು. ಗೇಟಿನ ಹೊರಗೆ ಅಪ್ಪ, ಕೈಯಲ್ಲಿ ದೊಡ್ಡ ಚಾಕಲೇಟ್. ಗೇಟಿಗೆ ಚಿಲಕ ಬರೆದಿರಲಿಲ್ಲ. ಆ ಚಿತ್ರವನ್ನು ಇಬ್ಬರ ಮುಂದೆಯೂ ಇಟ್ಟರಂತೆ. ಕೊನೆಗೆ ಆದ ಒಪ್ಪಂದ ಹೀಗೆ: ಶಾಲೆಯ ದಿನ ಅಜ್ಜ-ಅಜ್ಜಿ ಮನೆ, ಶನಿವಾರ-ಭಾನುವಾರ ಮತ್ತು ಅರ್ಧ ರಜೆ ಅಪ್ಪನ ಮನೆ. ಗಾರ್ಡಿಯನ್ ಅಪ್ಪನೇ. ಪಾಸ್‌ಪೋರ್ಟು, ಬ್ಯಾಂಕು ಎಲ್ಲಕ್ಕೂ ಅವನೇ ಸಹಿ ಹಾಕುತ್ತಾನೆ. ಅಜ್ಜನಿಗೆ ಅದರಿಂದ ಏನೂ ಕಮ್ಮಿಯಾಗಲಿಲ್ಲ.

ಒಬ್ಬರೇ ಉಳಿದಿರುವ ತಾಯಿ ಅಥವಾ ತಂದೆಗೆ ದೊಡ್ಡ ಕಾಯಿಲೆ ಇದ್ದರೆ ಇನ್ನೊಂದು ಸುಲಭದ ದಾರಿ ಇದೆ. ಮನೆಯಲ್ಲಿ ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅಪಶಕುನ ಎಂದು. ಗಂಡ ತೀರಿಹೋದ ಹಿಂದೂ ತಾಯಿ ತನ್ನ ವಿಲ್‌ನಲ್ಲಿ ‘ನನ್ನ ನಂತರ ಮಗುವಿಗೆ ನನ್ನ ತಂದೆ-ತಾಯಿ ಗಾರ್ಡಿಯನ್’ ಎಂದು ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಹೆಂಡತಿ ತೀರಿಹೋದ ತಂದೆಯೂ ಹಾಗೇ ಬರೆಯಬಹುದು. ಈ ಎರಡು ಸಾಲು ಇಲ್ಲದ್ದಕ್ಕೆ ಎಷ್ಟು ಮನೆಯವರು ವರ್ಷಗಟ್ಟಲೆ ಅಲೆದರು ಎಂದು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದತ್ತು: ಕೇಳಲು ಚೆಂದ, ನಿಯಮ ವಿಚಿತ್ರ

‘ದತ್ತು ತಗೊಂಡುಬಿಟ್ಟರೆ ಒಂದೇ ಸಲಕ್ಕೆ ಮುಗೀತಲ್ಲ’ ಎನ್ನುವವರು ಜಾಸ್ತಿ. ಹಿಂದೂಗಳಿಗೆ 1956ರ ದತ್ತಕ ಕಾಯ್ದೆ ಇದೆ. ಅದರ ಪ್ರಕಾರ ಗಂಡು ಮಗುವನ್ನು ದತ್ತು ತೆಗೆದುಕೊಳ್ಳುವವರಿಗೆ ಮಗ, ಮಗನ ಮಗ, ಅವನ ಮಗ, ಯಾರೂ ಬದುಕಿರಬಾರದು. ಈಗ ಯೋಚಿಸಿ. ತೀರಿಹೋದ ನಿಮ್ಮ ಮಗನ ಮಗನನ್ನೇ ದತ್ತು ತೆಗೆದುಕೊಳ್ಳಬೇಕೆಂದರೆ, ‘ಮಗನ ಮಗ ಇರಬಾರದು’ ಎಂಬ ನಿಯಮಕ್ಕೆ ಆ ಮಗುವೇ ಅಡ್ಡ! ಮಗನ ಮಗಳಿಗೂ ಇದೇ ಕಥೆ, ಯಾಕೆಂದರೆ ಹೆಣ್ಣು ಮಗುವಿನ ದತ್ತಕ್ಕೆ ಮಗಳು, ಮಗನ ಮಗಳು ಇರಬಾರದು. ಮಗಳ ಮಕ್ಕಳಾದರೆ ದಾರಿ ಇರಬಹುದು, ಮನೆಯಲ್ಲಿ ಬೇರೆ ಮಕ್ಕಳು-ಮೊಮ್ಮಕ್ಕಳು ಯಾರಿದ್ದಾರೆ ಎಂಬುದರ ಮೇಲೆ. ಮಗುವಿಗೆ ಸಾಮಾನ್ಯವಾಗಿ ಹದಿನೈದು ತುಂಬಿರಬಾರದು. ಕೊಡುವವರು ಬೇಕು. ಹೆತ್ತವರಿಬ್ಬರೂ ಇಲ್ಲದಿದ್ದರೆ ಗಾರ್ಡಿಯನ್ ಕೋರ್ಟಿನ ಅನುಮತಿ ಪಡೆದು ಕೊಡಬೇಕು. ಅಂದರೆ ಆಗಲೂ ಕೋರ್ಟು ತಪ್ಪುವುದಿಲ್ಲ.

ಇನ್ನೊಂದು, 2015ರ ಬಾಲನ್ಯಾಯ ಕಾಯ್ದೆಯ ದಾರಿ. ಎಲ್ಲ ಧರ್ಮದವರಿಗೂ ಉಂಟು. ಆ ಕಾಯ್ದೆ ಹೇಳುವ ‘ಸಂಬಂಧಿ’ಗಳಲ್ಲಿ ಎರಡೂ ಕಡೆಯ ಅಜ್ಜ-ಅಜ್ಜಿ, ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮ ಬರುತ್ತಾರೆ. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ‘ಕಾರಾ’ ಸಂಸ್ಥೆಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ಬೇರೆ ದತ್ತಕ್ಕೆ ಇರುವ ವಯಸ್ಸಿನ ಮಿತಿ ಸಂಬಂಧಿಗಳ ದತ್ತಕ್ಕೆ ಇಲ್ಲ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಅಜ್ಜ-ಅಜ್ಜಿಗೆ ದತ್ತು ಬೇಕಾಗುವುದು ಬಹಳ ಅಪರೂಪ. ‘ನಮ್ಮ ಆಸ್ತಿ ಅವನಿಗೆ ಸಿಗಬೇಕಲ್ಲ’ ಎಂಬುದು ಸಾಮಾನ್ಯ ಕಾರಣ. ಆದರೆ ತೀರಿಹೋದ ಮಗನ ಅಥವಾ ಮಗಳ ಮಗು ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲ ದರ್ಜೆಯ ವಾರಸುದಾರ. ದತ್ತು ಇಲ್ಲದೆಯೇ ಪಾಲು ಬರುತ್ತದೆ. ಇನ್ನೂ ಜಾಸ್ತಿ ಕೊಡಬೇಕೆನ್ನಿಸಿದರೆ ವಿಲ್ ಬರೆಯಿರಿ. ದತ್ತು ಒಮ್ಮೆ ಆದರೆ ರದ್ದಾಗದು. ಮಗು ತನ್ನ ತೀರಿಹೋದ ತಾಯಿಗೆ ಕಾಗದದ ಮೇಲೆ ತಮ್ಮನಾಗುತ್ತದೆ. ಅದನ್ನು ಹನ್ನೆರಡು ವರ್ಷದ ಹುಡುಗನಿಗೆ ವಿವರಿಸುವುದು ಸುಲಭವಲ್ಲ. ದತ್ತು ತೆಗೆದುಕೊಳ್ಳುವುದಿದ್ದರೆ ಮಕ್ಕಳಿಲ್ಲದ ಚಿಕ್ಕಪ್ಪ-ಚಿಕ್ಕಮ್ಮ ತೆಗೆದುಕೊಳ್ಳಲಿ, ಅಜ್ಜ-ಅಜ್ಜಿ ಅಜ್ಜ-ಅಜ್ಜಿಯಾಗಿಯೇ ಇರಲಿ.

ಕೈಯಲ್ಲಿ ಹಣ ಇಲ್ಲದಿದ್ದರೆ

ಸಮಸ್ಯೆ ಆಸ್ತಿಯದ್ದಲ್ಲ, ತಿಂಗಳ ಖರ್ಚಿನದ್ದು ಎಂದಿದ್ದರೆ ಮೊದಲು ಹೋಗಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ. ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆ ಇದೆ. ಈಗ ಅದರ ಹೆಸರಿನ ಮುಂದೆ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಸೇರಿದೆ. ಮಗುವನ್ನು ಸಂಸ್ಥೆಗೆ ಸೇರಿಸುವ ಬದಲು ಮನೆಯಲ್ಲೇ ಸಾಕಲು ತಿಂಗಳಿಗೆ 2,250 ರೂಪಾಯಿ ಸಿಗುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯದ ಸ್ಪಾನ್ಸರ್‌ಶಿಪ್‌ನಲ್ಲಿ ತಿಂಗಳಿಗೆ 4,000. ಅದಕ್ಕೆ ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ದಾಟಬಾರದು. ಮುಂಬೈಯಲ್ಲಿ 96,000ದಲ್ಲಿ ಬದುಕುವುದು ಹೇಗೆ ಎಂದು ಆ ಮಿತಿ ಬರೆದವರನ್ನೇ ಕೇಳಬೇಕು. ತೀರಿಹೋದ ತಂದೆ ಅಥವಾ ತಾಯಿಗೆ ಪಿಎಫ್ ಇದ್ದರೆ ಅನಾಥ ಮಕ್ಕಳ ಪಿಂಚಣಿಯನ್ನೂ ವಿಚಾರಿಸಿ. ಕನಿಷ್ಠ 750 ರೂಪಾಯಿ, ಇಪ್ಪತ್ತೈದು ವರ್ಷದವರೆಗೆ.

ಇವುಗಳಿಂದ ನೀವು ಗಾರ್ಡಿಯನ್ ಆಗುವುದಿಲ್ಲ. ಆದರೆ ಮಗು ನಿಮ್ಮ ಹತ್ತಿರ ಇದೆ ಎಂಬುದಕ್ಕೆ ಸರ್ಕಾರಿ ದಾಖಲೆ ಹುಟ್ಟುತ್ತದೆ. ಮುಂದೆ ಕೋರ್ಟಿಗೆ ಹೋದರೆ ಕೆಲಸಕ್ಕೆ ಬರುತ್ತದೆ. ಮಗುವಿಗೆ ಅಪಾಯ ಇದೆ ಎಂದಿದ್ದರೆ ಇದ್ಯಾವುದನ್ನೂ ಲೆಕ್ಕ ಹಾಕುತ್ತ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ವಕೀಲರ ಫೀಸಿನ ಚಿಂತೆಗೆ ಒಂದು ಉಪಾಯ. ಉಚಿತ ಕಾನೂನು ನೆರವು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಸಿಗುತ್ತದೆ. ಅದಕ್ಕೇ ಅರ್ಜಿಯಲ್ಲಿ ಅಜ್ಜಿಯ ಹೆಸರು ಮೊದಲು ಹಾಕಿ. ನಮ್ಮ ಅಜ್ಜಂದಿರಿಗೆ ಇದು ಹಿಡಿಸುವುದಿಲ್ಲ. ಹಿಡಿಸದಿದ್ದರೂ ಹಾಕಿ. 15100ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಯಾವ ಕೋರ್ಟು, ಎಷ್ಟು ದಿನ

ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿಯ ಕೋರ್ಟು. ಹದಿನೈದು ದಿನದ ಹಿಂದೆ ಉಡುಪಿಗೆ ಕರೆದುಕೊಂಡು ಹೋಗಿ ಅಲ್ಲಿ ಅರ್ಜಿ ಹಾಕಿದರೆ ‘ಮಗು ಮುಂಬೈಯದ್ದು’ ಎಂಬ ತಕರಾರು ಬಂದೇ ಬರುತ್ತದೆ. ಮುಂಬೈ ನಗರ, ಉಪನಗರದವರು ಮಗುವಿನ ಹೊಣೆಗೆ ಬಾಂದ್ರಾದ ಫ್ಯಾಮಿಲಿ ಕೋರ್ಟಿಗೆ ಹೋಗುತ್ತಾರೆ. ಫ್ಯಾಮಿಲಿ ಕೋರ್ಟು ನೋಡುವುದು ಮಗುವನ್ನು, ಮಗುವಿನ ಆಸ್ತಿಯನ್ನಲ್ಲ. ಆಸ್ತಿಗೆ ಮುಂಬೈಯಲ್ಲಿ ಹೈಕೋರ್ಟು. ಎರಡೂ ಇದ್ದರೆ ಎಲ್ಲಿ ಹೇಗೆ ಹಾಕುವುದು ಎಂದು ವಕೀಲರನ್ನು ಮೊದಲ ದಿನವೇ ಕೇಳಿ. ಡೊಂಬಿವಲಿ, ನವಿ ಮುಂಬೈ, ವಸಯಿ ಕಡೆಯವರಿಗೆ ಬಾಂದ್ರಾ ಅಲ್ಲ, ಅವರವರ ಜಿಲ್ಲೆಯ ಕೋರ್ಟು. ಪುಣೆಯಲ್ಲಿ ಶಿವಾಜಿನಗರದ ಫ್ಯಾಮಿಲಿ ಕೋರ್ಟು, ಆಸ್ತಿಗೆ ಜಿಲ್ಲಾ ನ್ಯಾಯಾಲಯ. ಗೋವಾದಲ್ಲಿ ಕುಟುಂಬದ ವಿಷಯಕ್ಕೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಎಲ್ಲ ಧರ್ಮದವರಿಗೂ ಈಗಲೂ ನಡೆಯುತ್ತಿದೆ. ವಾಸ್ಕೋ, ಮಡಗಾಂವ್‌ನ ನಮ್ಮವರು ಮುಂಬೈಯ ವಕೀಲರ ಮಾತು ಕೇಳದೆ ಅಲ್ಲಿಯವರನ್ನೇ ಹಿಡಿಯಬೇಕು.

ಜಗಳ ಇಲ್ಲದಿದ್ದರೆ ತಿಂಗಳುಗಳ ಮಾತು, ಇದ್ದರೆ ವರ್ಷಗಳ ಮಾತು. ನಡುವೆ ಮಗು ಎಲ್ಲಿರಬೇಕು ಎಂದು ಮಧ್ಯಂತರ ಆದೇಶ ಕೇಳಲು ಮರೆಯಬೇಡಿ. ಊರಿನ ಗ್ರಾಮ ಪಂಚಾಯಿತಿಯಿಂದ ತಂದ ಕನ್ನಡದ ಕಾಗದಗಳನ್ನು ಇಂಗ್ಲಿಷಿಗೋ ಮರಾಠಿಗೋ ಅನುವಾದ ಮಾಡಿಸಿ ಇಟ್ಟುಕೊಳ್ಳಿ.

ನಮ್ಮಂಥ ಪರ ಊರಿನವರು ತಿಳಿದಿರಲೇಬೇಕಾದ ಒಂದು ವಿಷಯ 1890ರ ಕಾಯ್ದೆಯ 26ನೇ ಸೆಕ್ಷನ್. ಕೋರ್ಟು ನೇಮಿಸಿದ ಗಾರ್ಡಿಯನ್ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಕರೆದುಕೊಂಡು ಹೋಗಲು ಅನುಮತಿ ಬೇಕು. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವುದೂ ಅದರಲ್ಲಿ ಬರುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಪ್ರತಿ ಸಲ ಕೇಳುವ ಬದಲು, ರಜೆಗೆ, ಹಬ್ಬಕ್ಕೆ, ಮದುವೆ-ಮುಂಜಿಗೆ ಊರಿಗೆ ಹೋಗಲು ಸಾಮಾನ್ಯ ಅನುಮತಿ ಕೊಡಿ ಎಂದು ಅರ್ಜಿಯಲ್ಲೇ ಒಂದು ಸಾಲು ಸೇರಿಸಿ. ವಿಲ್ ಮೂಲಕ ಗಾರ್ಡಿಯನ್ ಆದವರಿಗೆ ಈ ಕಟ್ಟು ಇಲ್ಲ.

ಇದೆಲ್ಲ ಹದಿನೆಂಟರವರೆಗೆ. ಕೋರ್ಟಿನ ಗಾರ್ಡಿಯನ್ ಇದ್ದರೆ ಇಪ್ಪತ್ತೊಂದರವರೆಗೆ ಎಂದು ಹಳಬರು ಈಗಲೂ ಹೇಳುತ್ತಾರೆ. ಅದು 1999ರಲ್ಲೇ ಹೋಯಿತು.

ಭಾಂಡುಪ್ ಅಜ್ಜಿಗೆ ಆರ್ಡರ್ ಸಿಕ್ಕಿತು. ಸರ್ಟಿಫೈಡ್ ಕಾಪಿ ಐದಾರು ತೆಗೆದಿಡಿ ಎಂದು ನಾನು ಹೇಳಿದ್ದೆ. ಅವರು ಒಂದೇ ತೆಗೆದು, ಹಾಳಾಗಬಾರದೆಂದು ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿಬಿಟ್ಟರು. ಅದೇ ಬ್ಯಾಂಕಿನ ಅದೇ ಆಫೀಸರ್ ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸೀಲನ್ನು ಮುಟ್ಟಲು ನೋಡಿ, “ಆಜಿ, ಇದು ಜೆರಾಕ್ಸಾ, ಒರಿಜಿನಲ್ಲಾ?” ಎಂದರು. ಮರುದಿನ ನಾವಿಬ್ಬರೂ ಮತ್ತೆ ಕೋರ್ಟಿನ ಕಾಪಿ ಸೆಕ್ಷನ್ನಿನ ಸಾಲಿನಲ್ಲಿ ನಿಂತಿದ್ದೆವು.